ಹೊಸೂರು ಸೀಮೆಯ ಹೂವಿನ ವ್ಯಾಪಾರ ಮತ್ತು ತಡೆಹಿಡಿದ ಖಾತೆ

ತಮಿಳುನಾಡಿನ ಗಡಿಯ ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಕೆ ಸುತ್ತಿನ ಹಳ್ಳಿಗಳಲ್ಲಿ ಗುಲಾಬಿ ನೆಲೆಯೂರಲು ಸುಮಾರು 900 ಮೀಟರ್ ಎತ್ತರದ ತಂಪು ಹವೆ ಎಷ್ಟು ಕಾರಣವೋ, 40 ಕಿಲೋಮೀಟರ್ ಆಚೆಯ ಬೆಂಗಳೂರಿನ ಮಾರುಕಟ್ಟೆಯೂ ಅಷ್ಟೇ ಕಾರಣ. ಈ ವ್ಯಾಪಾರ ಬಹುಕಾಲ ಮಂಡಿಯನ್ನು, ಅಂದರೆ ಬೆಳೆಗಾರನ ಹೂವನ್ನು ಕಮಿಷನ್ ಹಿಡಿದುಕೊಂಡು ಮಾರಿಕೊಡುವ ಅಂಗಡಿಯನ್ನು ನಂಬಿ ನಡೆಯಿತು. ಮುಂಜಾನೆ ಹೂವು ಕಳಿಸಿದವನಿಗೆ ಅಂದಿನ ದರ ತಿಳಿಯುತ್ತಿದ್ದುದು ಚೀಟಿ ಕೈಸೇರಿದ ಮೇಲೆಯೇ, ಮತ್ತು ಆ ದರವನ್ನು ಪ್ರಶ್ನಿಸುವ ದಾರಿ ಅವನಿಗಿರಲಿಲ್ಲ. ಆದರೂ ಮಂಡಿಯವನು ಮುಖ ಕಂಡ ಮನುಷ್ಯನಾಗಿದ್ದ. ಆಷಾಢದಲ್ಲಿ ಹೂವು ಕೇಳುವವರಿಲ್ಲದಾಗ ಮುಂಗಡ ಕೊಡುತ್ತಿದ್ದವನೂ, ಲೆಕ್ಕ ತಪ್ಪಿದರೆ ಹೋಗಿ ಕೇಳಬಹುದಾಗಿದ್ದವನೂ ಅವನೇ.

2016ರಲ್ಲಿ ಈ ಏರ್ಪಾಡು ಸಡಿಲವಾಗತೊಡಗಿತು. ಆ ವರ್ಷ ಏಪ್ರಿಲ್‌ನಲ್ಲಿ ಯುಪಿಐ, ಅಂದರೆ ಮೊಬೈಲ್ ಮೂಲಕ ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ಆ ಕ್ಷಣವೇ ಹಣ ಕಳಿಸುವ ವ್ಯವಸ್ಥೆ ಬಂತು. ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾಯಿತು. ನವೆಂಬರ್ 8ರ ನೋಟು ರದ್ದತಿ ನಗದಿಗೇ ಕುತ್ತು ತಂದಿತು. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು 2020ರ ಲಾಕ್‌ಡೌನ್. ಮದುವೆ, ಜಾತ್ರೆ, ದೇವಸ್ಥಾನಗಳೆಲ್ಲ ನಿಂತು ಕೊಯ್ದ ಹೂವನ್ನು ತಿಪ್ಪೆಗೆ ಸುರಿದ ಬೆಳೆಗಾರರು, ಆಮೇಲೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಫೋಟೋ ಹಾಕಿ, ದೂರದೂರಿನ ಮದುವೆ ಅಲಂಕಾರದವರನ್ನು ಇನ್‌ಸ್ಟಾಗ್ರಾಂನಲ್ಲಿ ಹುಡುಕಿ, ನೇರವಾಗಿ ಮಾರಲು ಕಲಿತರು. ಇಪ್ಪತ್ತು ಹೂವಿನ ಕಟ್ಟಿಗೆ ಬೆಂಗಳೂರಿನಲ್ಲಿ ಎಷ್ಟು ನಡೆಯುತ್ತಿದೆ ಎಂಬುದು ತೋಟದಲ್ಲಿ ನಿಂತವನಿಗೂ ತಿಳಿಯುವಂತಾದದ್ದು ಸಣ್ಣ ಲಾಭವಲ್ಲ; ಫೋನು ಬಂದು ರೈತ ಕೆಟ್ಟ ಎನ್ನುವವರು ಮಂಡಿಯ ಚೀಟಿಗೆ ಕಾದು ಕುಳಿತವರಲ್ಲ. ಆದರೆ ಮಂಡಿಯವನ ಜೊತೆಗೆ ಉತ್ತರ ಕೊಡಬೇಕಾದ ಮನುಷ್ಯನೂ ಮಾಯವಾದನೆಂಬುದು ಕಷ್ಟ ಬರುವವರೆಗೆ ಯಾರ ಗಮನಕ್ಕೂ ಬರಲಿಲ್ಲ.

ಆ ಕಷ್ಟದ ಬಗೆಯನ್ನು ವಿವರಿಸಬೇಕು. ಸೈಬರ್ ವಂಚನೆಗೆ ಸಿಕ್ಕವರು 1930ಕ್ಕೆ ಕರೆ ಮಾಡಿ ದೂರು ಕೊಟ್ಟಾಗ, ಕಳೆದುಹೋದ ಹಣ ಯಾವ ಯಾವ ಖಾತೆಗಳಿಗೆ ಹರಿದಿದೆ ಎಂದು ಜಾಡು ಹಿಡಿದು, ಆ ಖಾತೆಗಳಲ್ಲಿ ಅದನ್ನು ತಡೆಹಿಡಿಯಲಾಗುತ್ತದೆ. ಬ್ಯಾಂಕಿನವರು ಇದನ್ನು ಲಿಯನ್ ಎನ್ನುತ್ತಾರೆ; ಹಣ ಖಾತೆಯಲ್ಲೇ ಇರುತ್ತದೆ, ಆದರೆ ಖಾತೆದಾರ ಅದನ್ನು ಮುಟ್ಟುವಂತಿಲ್ಲ. ವಂಚಕ ಆ ಹಣದಲ್ಲಿ ಹೂವು ಕೊಂಡಿದ್ದರೆ, ಮಾಲು ಕೊಟ್ಟು ದುಡ್ಡು ಪಡೆದ ಬೆಳೆಗಾರನ ಖಾತೆಯೂ ಆ ಜಾಡಿನಲ್ಲೇ ಬೀಳುತ್ತದೆ. ವಂಚನೆಗೆ ಒಳಗಾದವರಿಗೆ ಈ ವ್ಯವಸ್ಥೆ ಬೇಕೇಬೇಕು. ವಿವಾದದ ಮೊತ್ತವನ್ನಷ್ಟೇ ಹಿಡಿಯದೆ ಇಡೀ ಖಾತೆಗೆ ಬೀಗ ಹಾಕುವುದು ಮಾತ್ರ ಅನ್ಯಾಯ. 2023ರಲ್ಲಿ ಕೇರಳ ಹೈಕೋರ್ಟ್, 2024ರಲ್ಲಿ ಮದರಾಸು ಹೈಕೋರ್ಟ್ ಇದನ್ನು ಒಪ್ಪದೆ ತೀರ್ಪು ಕೊಟ್ಟಿವೆ.

ಇಲ್ಲಿ ಹೇಳುವ ಅನುಭವ ಬಾಗಲೂರು ಕಡೆಯ ಒಂದು ಕನ್ನಡ ಮನೆತನದ್ದು. ಈ ಲೇಖಕನೂ ಆ ಮನೆಯವನೇ. ಮದುವೆಯ ಕಾಲದಲ್ಲಿ ಉತ್ತರದ ಊರೊಂದರಿಂದ ವಾಟ್ಸ್‌ಆ್ಯಪ್‌ನಲ್ಲಿ ಬೇಡಿಕೆ ಬಂತು, ಹಣವೂ ಮೊದಲೇ ಬಂತು, ಕೆಂಪು ಗುಲಾಬಿಯ ಪೆಟ್ಟಿಗೆಗಳು ಬಸ್ಸೇರಿದವು. ಕೆಲವು ವಾರಗಳ ನಂತರ, ಕೂಲಿ ಬಟವಾಡೆಯ ಶನಿವಾರವೇ, ಖಾತೆಯಿಂದ ಹಣ ಹೊರಡಲಿಲ್ಲ. ಬ್ಯಾಂಕಿನಲ್ಲಿ ಸರತಿ ನಿಂತು ಕೌಂಟರ್ ತಲುಪಿದಾಗ ಅಧಿಕಾರಿ ಪರದೆಯಿಂದ ತಲೆ ಎತ್ತದೆ, "ನಿಮ್ಮ ಮೇಲೆ ಕೇಸಿದೆ, ಅಲ್ಲಿಯ ಪೊಲೀಸರನ್ನೇ ಕೇಳಿ, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹಿಂದೆ ನಿಂತಿದ್ದವರಲ್ಲಿ ಅದೇ ಊರಿನವರಿದ್ದರು. ಯಾವ ಕೇಸು, ಎಷ್ಟು ಮೊತ್ತ ಎಂದು ಕೇಳಿದ್ದಕ್ಕೆ ಚೀಟಿಯಲ್ಲೊಂದು ಫೋನ್ ನಂಬರ್ ಬಂತೇ ಹೊರತು ಉತ್ತರ ಬರಲಿಲ್ಲ. ಆ ನಂಬರ್ ಗಂಟೆಗಟ್ಟಲೆ ರಿಂಗಾಗಿ, ಕೊನೆಗೆ ಎತ್ತಿದವರು ಮಾತಾಡಿದ್ದು ಹಿಂದಿಯಲ್ಲಿ. ಕನ್ನಡ, ತಮಿಳು, ತೆಲುಗು ಮೂರೂ ನಾಲಿಗೆಯ ಮೇಲಿರುವ ಸೀಮೆಯ ರೈತನಿಗೆ ಅಂದು ಮೂರೂ ಒದಗಲಿಲ್ಲ. ಸಂಜೆ ತೋಟದ ಷೆಡ್ಡಿನ ಮುಂದೆ ಕೂತಿದ್ದ ಹೆಂಗಸರಿಗೆ ಕೂಲಿ ಕೊಟ್ಟದ್ದು ಮನೆಯ ಒಡವೆ ಅಡವಿಟ್ಟ ದುಡ್ಡಿನಿಂದ. ಖಾತೆ ನಿಂತರೂ ಗುಲಾಬಿ ನಿಲ್ಲುವುದಿಲ್ಲ. ಮೊಗ್ಗು ಬಿರಿಯುವ ಮೊದಲೇ ಕೊಯ್ಯಬೇಕು, ಗೊಬ್ಬರ, ಔಷಧಿ, ಬಸ್ಸಿನ ಬಾಡಿಗೆ ಎಲ್ಲಕ್ಕೂ ದಿನವೂ ದುಡ್ಡು ಬೇಕು. ಅದೇ ಖಾತೆಯಿಂದ ಕಟ್ಟಬೇಕಿದ್ದ ಪಾಲಿಹೌಸ್ ಸಾಲದ ಕಂತು ತಪ್ಪಿದಾಗ ಆ ಬ್ಯಾಂಕೇ ದಂಡವನ್ನೂ ಹಾಕಿತು. ಹಣ ಹಿಡಿದಿಟ್ಟವರೇ ಹಣ ಕಟ್ಟಲಿಲ್ಲವೆಂದು ದಂಡ ವಿಧಿಸುವುದನ್ನು ಯಾವ ನಿಯಮದಿಂದ ಸಮರ್ಥಿಸಿದರೂ ಅದು ನ್ಯಾಯವಾಗದು.

ಮಾಲು ಕಳಿಸಿದ್ದಕ್ಕೆ ಪುರಾವೆ ಕೊಡಿ ಎಂದಾಗ ಬಿಲ್ಲು ಇರಲಿಲ್ಲ. ಬಿಲ್ಲು ಗಿಲ್ಲು ಎಂದರೆ ಗಿರಾಕಿ ಬೇರೆ ತೋಟ ಹುಡುಕಿಕೊಳ್ಳುತ್ತಾನೆ ಎಂದು ವಾದಿಸಿ, ಬಿಲ್ಲುಪುಸ್ತಕವನ್ನು ಅಟ್ಟಕ್ಕೆ ಸೇರಿಸಿದ್ದ ಮನೆಯ ಭಾವಮೈದುನ ಅಷ್ಟು ಹೊತ್ತಿಗೆ ಮಾತೇ ಆಡುತ್ತಿರಲಿಲ್ಲ. ಮನೆಯನ್ನು ಕಾಪಾಡಿದ್ದು ಬಸ್ಸಿನ ಪಾರ್ಸೆಲ್ ರಸೀದಿ ಮತ್ತು ಅಳಿಸದೆ ಉಳಿದಿದ್ದ ವಾಟ್ಸ್‌ಆ್ಯಪ್ ಮಾತುಕತೆ. ಅವುಗಳ ಪ್ರತಿಗಳನ್ನು, ಹೈಕೋರ್ಟ್ ತೀರ್ಪುಗಳನ್ನು ಉಲ್ಲೇಖಿಸಿ ವಕೀಲರು ಬರೆದ ಪತ್ರದ ಜೊತೆ, ಠಾಣೆಗೂ ಬ್ಯಾಂಕಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಮೇಲೆ ಬ್ಯಾಂಕು ವಿವಾದದ ಮೊತ್ತವನ್ನಷ್ಟೇ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟಿತು. ಆ ಮೊತ್ತ ಇನ್ನೂ ಬಂದಿಲ್ಲ.

ನೇರವಾಗಿ ಮಾರುವ ಬೆಳೆಗಾರರು ವ್ಯಾಪಾರದ ಹಣಕ್ಕೆ ಒಂದು ಖಾತೆ, ಸಾಲ ಮತ್ತು ಮನೆಖರ್ಚಿಗೆ ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ಇಟ್ಟುಕೊಳ್ಳುವುದು ಒಳ್ಳೆಯದು. ಹೂವಿನ ಜಾತಿ, ಕಟ್ಟುಗಳ ಸಂಖ್ಯೆ, ದರ, ಕೊಂಡವರ ವಿಳಾಸ ಬರೆದ ಬಿಲ್ಲಿನ ಫೋಟೋವನ್ನು ಪಾರ್ಸೆಲ್ ರಸೀದಿಯ ಜೊತೆ ಅದೇ ವಾಟ್ಸ್‌ಆ್ಯಪ್‌ನಲ್ಲಿ ಗಿರಾಕಿಗೆ ಕಳಿಸಿದರೆ, ದಿನಾಂಕವೂ ವೇಳೆಯೂ ತಾವಾಗಿಯೇ ದಾಖಲಾಗುತ್ತವೆ. ಹಣ ಬಂದಿದೆಯೆಂಬ ಸ್ಕ್ರೀನ್‌ಶಾಟ್ ನಂಬದೆ ಖಾತೆಯನ್ನೇ ನೋಡಬೇಕು, ಒಬ್ಬರ ಬೇಡಿಕೆಗೆ ಇನ್ನೊಬ್ಬರ ಹೆಸರಿನ ಖಾತೆಯಿಂದ ಹಣ ಬಂದರೆ ಮಾಲು ಕಳಿಸುವ ಮೊದಲು ವಿಚಾರಿಸಬೇಕು. ಇಷ್ಟೆಲ್ಲ ಮಾಡಿದವನ ಖಾತೆಯೂ ನಿಲ್ಲಬಹುದು. ಆದ್ದರಿಂದ ದೂರಿನ ಸಂಖ್ಯೆ, ಠಾಣೆಯ ಹೆಸರು, ತಡೆಹಿಡಿದ ಮೊತ್ತ, ಈ ಮೂರನ್ನು ಖಾತೆ ನಿಲ್ಲಿಸಿದ ದಿನವೇ ಲಿಖಿತವಾಗಿ ಕೊಡುವ ಹೊಣೆ ಬ್ಯಾಂಕಿನದಾಗಬೇಕು, ಮತ್ತು ಹೊಸೂರಿನಂಥ ಗಡಿಸೀಮೆಯಲ್ಲಿ ಆ ಪತ್ರ ತಮಿಳು, ಇಂಗ್ಲಿಷಿನ ಜೊತೆಗೆ ಕನ್ನಡ ಮತ್ತು ತೆಲುಗಿನಲ್ಲೂ ಇರಬೇಕು.