ಹಗ್ಗದ ಮೇಲಿನ ಗಾಡಿ

ದಕ್ಷಿಣ ಅಮೆರಿಕದಲ್ಲಿ ಬೊಲಿವಿಯಾ ಎಂಬ ದೇಶ ಇದೆ. ಅಲ್ಲಿನ ಲಾ ಪಾಜ್ ನಗರ ಬಟ್ಟಲಿನಂಥ ಕಣಿವೆಯಲ್ಲಿದೆ. ಬಟ್ಟಲಿನ ಅಂಚಿನ ಮೇಲೆ ಇನ್ನೊಂದು ಊರು, ಎಲ್ ಆಲ್ಟೊ. ನಡುವೆ ಸುಮಾರು 400 ಮೀಟರ್ ಕಡಿದಾದ ಏರು.

ಮೇಲಿನ ಊರಿನವರು ಕೂಲಿಗೆ, ವ್ಯಾಪಾರಕ್ಕೆ ಕೆಳಗೆ ಇಳಿಯಬೇಕು. ಸಂಜೆ ಮತ್ತೆ ಹತ್ತಬೇಕು. ಹೆಂಗಸರು ಬಣ್ಣದ ಬಟ್ಟೆಯಲ್ಲಿ ಗಂಟು ಕಟ್ಟಿ ಬೆನ್ನಿಗೆ ಹಾಕ್ಕೊಂಡು ಓಡಾಡ್ತಾರೆ. ಸುತ್ತು ದಾರಿ, ಕಿಕ್ಕಿರಿದ ವ್ಯಾನು. ಮನೆ ಸೇರಿ ಒಲೆ ಹಚ್ಚೋದು ಯಾವಾಗ?

2014ರಲ್ಲಿ ಅಲ್ಲಿನ ಸರ್ಕಾರ ತೂಗುಗಾಡಿ ಓಡಿಸಿತು. ಅದು ಹೇಗೆ ನಡೆಯುತ್ತೆ? ಬಾವಿಯ ರಾಟೆ ನೋಡಿದ್ದೀರಲ್ಲ? ಹಾಗೇ ಎರಡು ಕೊನೆಗೂ ದೊಡ್ಡ ಗಾಲಿ. ಗಾಲಿಗೆ ಉಕ್ಕಿನ ಹಗ್ಗ. ಕರೆಂಟಿನಿಂದ ಗಾಲಿ ತಿರುಗುತ್ತೆ, ಹಗ್ಗ ಓಡುತ್ತೆ. ಹಗ್ಗಕ್ಕೆ ತೂಗಿಬಿಟ್ಟ ಗಾಡಿಗಳು ಮನೆಗಳ ಮೇಲೆ ಸಾಗುತ್ತವೆ. ಒಂದರಲ್ಲಿ 10 ಜನ ಕೂರಬಹುದು. ನಿಲ್ದಾಣದಲ್ಲೂ ಗಾಡಿ ಪೂರ್ತಿ ನಿಲ್ಲೋದಿಲ್ಲ, ನಿಧಾನ ಆಗುತ್ತೆ ಅಷ್ಟೆ. ಆಗಲೇ ಹತ್ತಬೇಕು. ನಾವಾದ್ರೆ ಮೊದಲ ಸಲ ಹೆದರಿಯೇವು!

ಮೊದಲ ದಾರಿ 2.4 ಕಿಲೋಮೀಟರ್. ಸುಮಾರು 10 ನಿಮಿಷದಲ್ಲಿ ಮೇಲೆ ಮುಟ್ಟಿಸುತ್ತೆ.

ದಾರಿಗಳಿಗೆ ಬಣ್ಣದ ಹೆಸರು. ಮೊದಲ ಮೂರು ಕೆಂಪು, ಹಳದಿ, ಹಸಿರು. ಇವು ಆ ದೇಶದ ಬಾವುಟದ ಬಣ್ಣ. 2019ರ ಹೊತ್ತಿಗೆ 10 ದಾರಿಗಳಾದವು. ಓದಲು ಬಾರದ ಅಜ್ಜಿಯೂ ಬಣ್ಣ ನೋಡಿ ಹತ್ತಬಹುದು. ನಮಗೆ ಇದೇ ಬಹಳ ಹಿಡಿಸಿತು.

ಆದರೆ ತೂಗುಗಾಡಿ ಮನೆ ಬಾಗಿಲಿಗೆ ಬರಲ್ಲ. ನಿಲ್ದಾಣದಿಂದ ದೂರ ಇರೋರು ಈಗಲೂ ವ್ಯಾನನ್ನೇ ಹಿಡೀತಾರೆ. ಗುರುವಾರ, ಭಾನುವಾರ ಎಲ್ ಆಲ್ಟೊದಲ್ಲಿ ದೊಡ್ಡ ಸಂತೆ. ಕೆಂಪು ದಾರಿಯಲ್ಲಿ ಮೇಲೆ ಹೋಗಿ ಇಳಿದರೆ ಸಂತೆ ಹತ್ತಿರದಲ್ಲೇ ಇದೆ.