ಕಿಮೊ ನಡುವೆ ಪಟ್ಟದಕಲ್ಲಿಗೆ ಹೋಗಬಹುದೇ?

ಇಳಕಲ್ಲಿನ ಓದುಗರೊಬ್ಬರು: ಸ್ತನ ಕ್ಯಾನ್ಸರ್‌ಗೆ ಮೂರು ವಾರಕ್ಕೊಮ್ಮೆ ಕಿಮೊ ನಡೆದಿದೆ. ಕ್ಯಾಮೆರಾ ಹಿಡಿದು ಬಾದಾಮಿ, ಪಟ್ಟದಕಲ್ಲು ಸುತ್ತುವಾಸೆ; ಮನೆಯವರು ಬೇಡವೆನ್ನುತ್ತಾರೆ.

ಹೋಗಿ ಬನ್ನಿ, ದಿನ ಮಾತ್ರ ನೋಡಿಕೊಳ್ಳಿ. ಕಿಮೊ ಆದ 7ರಿಂದ 14ನೇ ದಿನದೊಳಗೆ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ತೀರಾ ಇಳಿದಿರುತ್ತವೆ, ಸೋಂಕು ಬೇಗ ತಗಲುತ್ತದೆ. ಮೂರನೇ ವಾರ ರಕ್ತ ಪರೀಕ್ಷೆ ಮಾಡಿಸಿ, ನಿಮ್ಮ ಕ್ಯಾನ್ಸರ್ ವೈದ್ಯರು ಒಪ್ಪಿದ ಮೇಲೆ ಹೊರಡಿ.

ನನ್ನ ಆಯ್ಕೆ ಪಟ್ಟದಕಲ್ಲು. ಹುಲ್ಲುಹಾಸು ಸಮತಟ್ಟು; ಬಿಸಿಲೇರುವ ಮೊದಲು ಕೂತಲ್ಲಿಂದಲೇ ವಿರೂಪಾಕ್ಷ ಗುಡಿಯ ಫೋಟೊ ತೆಗೆಯಬಹುದು. ಬಾದಾಮಿ ಗುಹೆಗಳ ಮೆಟ್ಟಿಲು ಈಗ ಬೇಡ. ಅಲ್ಲಿ ಮಂಗಗಳ ಕಾಟವೂ ಉಂಟು; ಪರಚಿದರೆ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಹತ್ತಿರದ ಮಹಾಕೂಟಕ್ಕೆ ಹೋದರೂ, ಸೋಂಕಿನ ಭಯವಿರುವುದರಿಂದ ಅಲ್ಲಿನ ಪುಷ್ಕರಿಣಿಯಲ್ಲಿ ಮೀಯಬೇಡಿ.

ಚೀಲದಲ್ಲಿ ಥರ್ಮಾಮೀಟರ್ ಇರಲಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಕಾಯಬೇಡಿ. ನೇರ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಹೋಗಿ, ಕಿಮೊ ನಡೆದಿದೆಯೆಂದು ಮೊದಲು ಹೇಳಿ.