ಕುದುರೆಮುಖ: ಒಂದು ದಿನದ ಗಿರಿಯಾತ್ರೆ

ಹೈದರಾಬಾದಿನ ಮಿಯಾಪುರದಂತಹ ಬಡಾವಣೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಪಶ್ಚಿಮ ಘಟ್ಟದ ಕುದುರೆಮುಖ ಬೆಟ್ಟಗಳಿಗೂ ನಡುವೆ ನೂರಾರು ಕಿಲೋಮೀಟರುಗಳ ಅಂತರವಿದೆ. ಆದರೂ ಇವೆರಡಕ್ಕೂ ಒಂದು ಸಂಬಂಧವುಂಟು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಂಗಾಮೂಲದಲ್ಲಿ ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಹುಟ್ಟುತ್ತವೆ. ನೇತ್ರಾವತಿಯು ಪಶ್ಚಿಮಕ್ಕೆ ಹರಿದು ಮಂಗಳೂರಿನ ಬಳಿ ಸಮುದ್ರವನ್ನು ಸೇರುತ್ತದೆ. ತುಂಗಾ ಮತ್ತು ಭದ್ರಾ ನದಿಗಳು ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆಯಾಗಿ ಪೂರ್ವಕ್ಕೆ ಸಾಗಿ ಶ್ರೀಶೈಲಕ್ಕೆ ಮೇಲೆ ಕೃಷ್ಣೆಯನ್ನು ಕೂಡಿಕೊಳ್ಳುತ್ತವೆ. ಅದೇ ಕೃಷ್ಣೆಯ ನೀರನ್ನು ನಾಗಾರ್ಜುನ ಸಾಗರದಿಂದ ಹೈದರಾಬಾದ್ ಮಹಾನಗರಕ್ಕೆ ಕುಡಿಯಲು ಒದಗಿಸಲಾಗುತ್ತಿದೆ. ಹೀಗಾಗಿ ಈ ಬೆಟ್ಟಗಳ ಕ್ಷೇಮವು ಕೇವಲ ಮಲೆನಾಡಿನ ವಿಷಯವಲ್ಲ.

ರಾಷ್ಟ್ರೀಯ ಉದ್ಯಾನವೆಂದರೇನು?

ಉದ್ಯಾನವೆಂಬ ಹೆಸರಿದ್ದರೂ ಇದು ವಿಹಾರಕ್ಕೆಂದು ಬೆಳೆಸಿದ ತೋಟವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ರಾಷ್ಟ್ರೀಯ ಉದ್ಯಾನಗಳಿಗೆ ಅಭಯಾರಣ್ಯಗಳಿಗಿಂತಲೂ ಬಿಗಿಯಾದ ರಕ್ಷಣೆಯಿದೆ; ಇಲ್ಲಿ ಜಾನುವಾರುಗಳನ್ನು ಮೇಯಿಸುವುದಕ್ಕೂ ಅವಕಾಶವಿಲ್ಲ. ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಸುಮಾರು 600 ಚದರ ಕಿಲೋಮೀಟರ್ ಹರಡಿರುವ ಕುದುರೆಮುಖಕ್ಕೆ 1987ರಲ್ಲಿ ಪ್ರಾಥಮಿಕ ಅಧಿಸೂಚನೆಯೂ 2001ರಲ್ಲಿ ಅಂತಿಮ ಅಧಿಸೂಚನೆಯೂ ಹೊರಟವು. 2012ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಇದೂ ಒಂದು.

ಮಾರ್ಗದರ್ಶಕನೊಡನೆ ಒಂದು ದಿನ

ಪ್ರವಾಸಿಗರು ಸಾಮಾನ್ಯವಾಗಿ ಕಳಸ ಪಟ್ಟಣವನ್ನು ತಂಗುದಾಣವಾಗಿಸಿಕೊಂಡು, ಸಂಸೆಯ ಮಾರ್ಗವಾಗಿ ಮುಳ್ಳೋಡಿಯನ್ನು ತಲುಪುತ್ತಾರೆ. ಕೊನೆಯ ಹಾದಿಯು ಕಡಿದಾಗಿರುವುದರಿಂದ ಜೀಪುಗಳೇ ಗತಿ. ಶಿಖರಕ್ಕೆ ಹೋಗಿ ಬರುವ ದಾರಿ ಸುಮಾರು 20 ಕಿಲೋಮೀಟರ್. ಶಿಖರದ ಎತ್ತರ ಸುಮಾರು 1,890 ಮೀಟರ್. ಬೆಳಿಗ್ಗೆ ಬೇಗನೆ ಹೊರಟವರು ಸಂಜೆಯೊಳಗೆ ಮರಳಬೇಕು. ಉದ್ಯಾನದಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವಂತಿಲ್ಲ.

ದಾರಿಯು ಮೊದಲು ತೊರೆಗಳನ್ನು ದಾಟುತ್ತ ಕಾಡಿನೊಳಗೆ ಸಾಗುತ್ತದೆ. ಒಂಟಿಮರವೆಂಬ ಸ್ಥಳದ ನಂತರ ಹುಲ್ಲುಗಾವಲಿನ ಏರುಗಳು ಎದುರಾಗುತ್ತವೆ. ಇಲ್ಲಿ ಮಾರ್ಗದರ್ಶಕನು ತೋರಿಸುವ ಮುಖ್ಯ ಸಂಗತಿಯೆಂದರೆ ಹುಲ್ಲು ಮತ್ತು ಮರಗಳ ಹಂಚಿಕೆ. ಬೋಳು ಬೆನ್ನಿನಂತಹ ಏಣುಗಳ ಮೇಲೆ ಹುಲ್ಲು. ಎರಡು ಬೆಟ್ಟಗಳ ಮಡಿಕೆಯಲ್ಲಿ ಮಾತ್ರ ದಟ್ಟವಾದ ಗಿಡ್ಡ ಮರಗಳ ಕಾಡು. ಇದಕ್ಕೆ ಶೋಲಾ ಎಂದು ಹೆಸರು. ಹುಲ್ಲಿನ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಶೋಲೆಯ ನೆಲದಲ್ಲಿ ಕೊಳೆತ ಎಲೆಗಳ ದಪ್ಪ ಪದರವು ಮಳೆಯ ನೀರನ್ನು ಹೀರಿಕೊಂಡು, ಮಳೆಗಾಲ ಮುಗಿದ ಮೇಲೂ ಅದನ್ನು ಸ್ವಲ್ಪಸ್ವಲ್ಪವಾಗಿ ತೊರೆಗಳಿಗೆ ಬಿಡುತ್ತದೆ. ಬೇಸಿಗೆಯಲ್ಲಿಯೂ ತುಂಗಾ, ಭದ್ರಾ ನದಿಗಳಲ್ಲಿ ನೀರು ಕಾಣುವುದಕ್ಕೆ ಇದು ಒಂದು ಮುಖ್ಯ ಕಾರಣ. ಮೇಲ್ನೋಟಕ್ಕೆ ಬರಡೆಂದು ತೋರುವ ಹುಲ್ಲುಗಾವಲಿನಲ್ಲಿ ಮರ ನೆಡುವುದು ಉಪಕಾರವಲ್ಲವೆಂಬುದನ್ನು ಇಲ್ಲಿ ಕಣ್ಣಾರೆ ತಿಳಿಯಬಹುದು.

ಕೆಳಗಿನ ನಿತ್ಯಹರಿದ್ವರ್ಣ ಕಾಡುಗಳು ಸಿಂಗಳೀಕಗಳ ನೆಲೆ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ತುದಿಯಲ್ಲಿ ಕುಚ್ಚುಳ್ಳ ಬಾಲದ ಈ ಕೋತಿ ಪಶ್ಚಿಮ ಘಟ್ಟದ ಹೊರಗೆ ಜಗತ್ತಿನ ಬೇರೆಲ್ಲಿಯೂ ಸ್ವಾಭಾವಿಕವಾಗಿ ಇಲ್ಲ. ಇದು ಹೆಚ್ಚಾಗಿ ಮರದಿಂದ ಮರಕ್ಕೆ ಸಾಗುತ್ತಲೇ ಬದುಕುತ್ತದೆ. ಕಾಡು ತುಂಡಾದರೆ ಗುಂಪುಗಳು ಪ್ರತ್ಯೇಕವಾಗಿ ಕ್ಷೀಣಿಸುತ್ತವೆ. 1980ರ ದಶಕದಲ್ಲಿ ಡಾ. ಉಲ್ಲಾಸ ಕಾರಂತರು ನಡೆಸಿದ ಸಿಂಗಳೀಕಗಳ ಸಮೀಕ್ಷೆಯು ಈ ಉದ್ಯಾನದ ರಚನೆಗೆ ಆಧಾರವಾಯಿತು.

ಅದಿರು ಮತ್ತು ನೀರು

ಇದೇ ಬೆಟ್ಟಗಳ ಒಡಲಲ್ಲಿ ಮ್ಯಾಗ್ನೆಟೈಟ್ ಕಬ್ಬಿಣದ ಅದಿರೂ ಇದೆ. ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯು 1976ರಲ್ಲಿ ಸ್ಥಾಪನೆಗೊಂಡಿತು. ಅದಿರನ್ನು ಪುಡಿಮಾಡಿ, ನೀರಿನೊಡನೆ ಬೆರೆಸಿ, ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸಲಾಗುತ್ತಿತ್ತು. ಉಳಿದ ಕೆಸರನ್ನು ತಡೆದಿಡಲು ಲಕ್ಯಾ ಅಣೆಕಟ್ಟನ್ನು ಕಟ್ಟಲಾಯಿತು. ಗಣಿಯು ವಿದೇಶಿ ವಿನಿಮಯವನ್ನೂ ಅನೇಕ ಕುಟುಂಬಗಳಿಗೆ ಉದ್ಯೋಗವನ್ನೂ ತಂದಿತು. ಕಾಡಿನ ನಡುವೆ ಒಂದು ಪಟ್ಟಣವೇ ಬೆಳೆಯಿತು. ಆದರೆ ಭಾರಿ ಮಳೆಯ ಈ ಪ್ರದೇಶದಲ್ಲಿ ಅಗೆದ ಮಣ್ಣು ಭದ್ರೆಗೆ ಸೇರುತ್ತಿದೆಯೆಂಬ ಆತಂಕವೂ ಬೆಳೆಯಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ನ್ಯಾಯಾಲಯವು 2002ರಲ್ಲಿ ನೀಡಿದ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ನೌಕರರು ತೆರಳಿದ ಬಳಿಕ ಕುದುರೆಮುಖ ಪಟ್ಟಣವು ಬಹುಮಟ್ಟಿಗೆ ಬರಿದಾಯಿತು. ಕಾಡಿನ ಉಳಿವಿಗೆ ಬೆಲೆ ತೆತ್ತವರೂ ಇದ್ದಾರೆಂಬುದನ್ನು ಮರೆಯಲಾಗದು.

ಪ್ರವಾಸಿಗರ ಹೊಣೆ

ಗಣಿಯ ಕಾಲ ಮುಗಿದಿದ್ದರೂ ಈಗ ಜನಸಂದಣಿಯ ಒತ್ತಡವಿದೆ. ಒಂದೇ ಕಾಲುದಾರಿಯಲ್ಲಿ ಸಾವಿರಾರು ಹೆಜ್ಜೆಗಳು ಬಿದ್ದರೆ ಹುಲ್ಲು ಸವೆದು, ಮಳೆಗೆ ಅದೇ ಕೊರಕಲಾಗುತ್ತದೆ. ಆದುದರಿಂದ ಅರಣ್ಯ ಇಲಾಖೆಯು ದಿನಕ್ಕೆ ಇಂತಿಷ್ಟೇ ಜನರೆಂದು ಮಿತಿ ವಿಧಿಸಿದೆ. ಮುಂಗಡ ಅನುಮತಿ ಮತ್ತು ಮಾರ್ಗದರ್ಶಕರು ಕಡ್ಡಾಯ. ಹುಲ್ಲು ಒಣಗುವ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಸಾಮಾನ್ಯವಾಗಿ ಚಾರಣವನ್ನು ನಿಲ್ಲಿಸಲಾಗುತ್ತದೆ. ದೂರದ ಊರುಗಳಿಂದ ಬರುವವರು ಅನುಮತಿ ದೊರೆತ ಬಳಿಕವೇ ಪ್ರಯಾಣವನ್ನು ನಿಶ್ಚಯಿಸುವುದು ಒಳಿತು.

ಯಾತ್ರಿಕರು ಗಮನಿಸಬೇಕಾದ ಇತರ ಅಂಶಗಳು ಇವು: ಪ್ಲಾಸ್ಟಿಕ್ ವಸ್ತುಗಳನ್ನು ಒಯ್ಯಬಾರದು, ಬೆಂಕಿ ಹಚ್ಚಬಾರದು, ಕೋತಿಗಳಿಗೆ ತಿಂಡಿ ಹಾಕಬಾರದು, ತೊರೆಯಲ್ಲಿ ಸಾಬೂನು ಬಳಸಬಾರದು, ಕಾಲುದಾರಿಯನ್ನು ಬಿಟ್ಟು ಅಡ್ಡಹಾದಿ ಹಿಡಿಯಬಾರದು. ಮಳೆಗಾಲದಲ್ಲಿ ಜಿಗಣೆಗಳಿರುವುದರಿಂದ ಉದ್ದನೆಯ ಕಾಲುಚೀಲ ಅಗತ್ಯ. ಮಂಜು ಕವಿದಾಗ ಹತ್ತು ಹೆಜ್ಜೆಯಾಚೆ ಏನೂ ಕಾಣದು. ಆಗ ಮಾರ್ಗದರ್ಶಕನ ಮಾತೇ ಕೊನೆಯ ಮಾತು. ಆತನು ಹಿಂದಿರುಗೋಣವೆಂದರೆ ಶಿಖರವು ಕೂಗಳತೆಯಲ್ಲಿದ್ದರೂ ಹಿಂದಿರುಗಬೇಕು.

ಈ ಬೆಟ್ಟದ ಮೇಲೆ ಬಿದ್ದ ಮಳೆಹನಿಯು ಮಲೆನಾಡಿನ ಅಡಿಕೆ ತೋಟವನ್ನೂ ಬಯಲುಸೀಮೆಯ ಗದ್ದೆಯನ್ನೂ ದಾಟಿ, ದೂರದ ನಗರಗಳ ನಲ್ಲಿಯವರೆಗೆ ಸಾಗಬಲ್ಲದು. ಅದರ ಮೂಲವನ್ನು ಕಂಡು ಬರುವವರು ಅದನ್ನು ಇದ್ದಂತೆಯೇ ಬಿಟ್ಟು ಬರುವುದು ನೀರು ಕುಡಿಯುವ ಎಲ್ಲರಿಗೂ ಸಲ್ಲಿಸುವ ಸೇವೆಯಾಗಿದೆ.